ಪ್ರಶ್ನೆ ನಿಮ್ದು, ಉತ್ತರ ನಮ್ದು: ಗೌನ್ ಒಳಗೆ ಏನು ಹಾಕೋದು?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚುಕಮ್ಮಿ ಎಲ್ಲಾ ಒಂದೇ ವಿಷಯದ್ದು. ಡ್ರೆಸ್ ಇಷ್ಟಪಟ್ಟು ತಗೊಂಡಾಯ್ತು, ಅದಕ್ಕೆ ಭುಜ ಇಲ್ಲ, ಇಲ್ಲಾ ಬೆನ್ನಿಲ್ಲ, ಇಲ್ಲಾ ನೆಕ್ ಎದೆ ಮಧ್ಯದವರೆಗೂ ಇಳಿದಿದೆ, ಈಗ ಒಳಗೆ ಏನು ಹಾಕ್ಲಿ ಅಂತ. ತುಂಬ ಜನ ಸಂಕೋಚಪಟ್ಕೊಂಡೇ ಬರೆದಿದೀರ, ಸಣ್ಣ ವಿಷಯ ಕೇಳ್ತಿದೀನಿ ಬೇಜಾರು ಮಾಡ್ಕೋಬೇಡಿ ಅಂತ. ಸಣ್ಣ ವಿಷಯ ಅಲ್ಲ ಕಣ್ರೀ ಇದು. ನಾಲ್ಕು ಗಂಟೆ ಜನರ ಮಧ್ಯೆ ನಿಂತು ಮಾತಾಡ್ಬೇಕಾದ ಸಂಜೇಲಿ ಒಂದು ಕೈ ಪೂರ್ತಿ ಡ್ರೆಸ್ ಮೇಲೆಳ್ಕೊಳ್ಳೋದಕ್ಕೇ ಹೋದ್ರೆ ಆ ಸಂಜೆ ಹಾಳಾದ ಹಾಗೇನೆ.

ಗೌನ್ ಹೊಲಿಯೋದು, ಬಂದೋರಿಗೆ ಫಿಟ್ಟಿಂಗ್ ಮಾಡಿಕೊಡೋದು, ಇದೇ ನನ್ನ ಕೆಲ್ಸ. ಹಾಗಾಗಿ ಯಾರು ಯಾವ ಡ್ರೆಸ್ ತಂದ್ರೂ ನಾನು ಮೊದಲು ನೋಡೋದು ಒಂದೇ, ಎದೆಯ ಭಾರ ಎಲ್ಲಿ ನಿಲ್ಲತ್ತೆ ಅಂತ. ಎಲ್ಲೋ ಒಂದು ಕಡೆ ಅದು ನಿಲ್ಲಲೇಬೇಕಲ್ವಾ. ಭುಜದ ಮೇಲೆ ಪಟ್ಟಿಯಲ್ಲಿ, ಎದೆ ಕೆಳಗೆ ಸುತ್ತೋ ಬ್ಯಾಂಡಲ್ಲಿ, ಚರ್ಮದ ಮೇಲೆ ಅಂಟಲ್ಲಿ, ಅಥವಾ ಡ್ರೆಸ್‌ನ ಒಳಗೇನೇ. ಈ ನಾಲ್ಕರಲ್ಲಿ ನಿಮ್ಮ ಡ್ರೆಸ್ ಯಾವುದನ್ನ ಕಿತ್ಕೊಂಡಿದೆ, ಯಾವುದು ಉಳಿದಿದೆ ಅಂತ ನೋಡಿದ್ರೆ ಅರ್ಧ ಉತ್ತರ ಸಿಕ್ಕ ಹಾಗೆ.

ಪ್ರಶ್ನೆ: ಅಕ್ಕಾ, ನನ್ನ ಸೈಜ್ 36 ಸಿ. ಆಫೀಸಿನ ದೊಡ್ಡ ಫಂಕ್ಷನ್‌ಗೆ ಅಂತ ಭುಜ ಇಲ್ಲದ ಉದ್ದ ಗೌನ್ ತಗೊಂಡಿದೀನಿ. ಅದಕ್ಕೆ ಅಂತ ಎರಡು ಸ್ಟ್ರಾಪ್‌ಲೆಸ್ ಬ್ರಾ ತಗೊಂಡೆ, ಎರಡೂ ಅರ್ಧ ಗಂಟೇಲಿ ಜಾರಿ ಹೊಟ್ಟೆ ಹತ್ರ ಬರತ್ತೆ. ನಮ್ಮಂಥ ತುಂಬಿದ ಎದೆಯೋರು ಇಂಥದ್ದು ಹಾಕಲೇಬಾರ್ದಾ?

ಹಾಕಬೇಕು, ಧಾರಾಳವಾಗಿ ಹಾಕಬೇಕು. ಜಾರ್ತಿರೋದು ನಿಮ್ಮ ಎದೆ ದಪ್ಪ ಅಂತಲ್ಲ, ಬ್ಯಾಂಡ್ ಲೂಸ್ ಇದೆ ಅಂತ. ಬ್ರಾದಲ್ಲಿ ಭಾರ ಹೊರೋದು ಭುಜದ ಪಟ್ಟಿ ಅಂತ ಎಲ್ಲರೂ ಅಂದ್ಕೋತಾರೆ, ನಿಜವಾಗ್ಲೂ ಹೆಚ್ಚಿನ ಭಾರ ಹೊರಬೇಕಾಗಿರೋದು ಎದೆ ಕೆಳಗೆ ಸುತ್ತ ಬರೋ ಬ್ಯಾಂಡ್. ದಿನಾ ಹಾಕೋ ಬ್ರಾದಲ್ಲಿ ಬ್ಯಾಂಡ್ ಸ್ವಲ್ಪ ಲೂಸ್ ಇದ್ರೂ ಪಟ್ಟಿ ಎಳೆದು ಹಿಡ್ಕೊಂಡಿರತ್ತೆ, ಅದಕ್ಕೇ ಗೊತ್ತಾಗಲ್ಲ, ಪಟ್ಟಿ ತೆಗೆದ ತಕ್ಷಣ ಗುಟ್ಟು ಬಯಲಾಗತ್ತೆ. ಇದನ್ನ ಮನೇಲೇ ನೋಡ್ಕೋಬಹುದು. ನೀವು ದಿನಾ ಹಾಕೋ ಬ್ರಾ ಹಾಕ್ಕೊಂಡು ಎರಡೂ ಪಟ್ಟಿ ಭುಜದಿಂದ ಕೆಳಗಿಳಿಸಿ ನಾಲ್ಕು ಹೆಜ್ಜೆ ನಡೀರಿ, ಕೈ ಮೇಲೆತ್ತಿ. ಅದು ಅಲ್ಲೇ ನಿಂತ್ರೆ ಬ್ಯಾಂಡ್ ಸರಿ ಇದೆ, ಇಳಿದ್ರೆ ಇಷ್ಟು ದಿನ ನಿಮ್ಮ ಭುಜಾನೇ ಎಲ್ಲಾ ಹೊರ್ತಿತ್ತು ಅಂತ ಅರ್ಥ.

ಅಳತೆ ಇನ್ನೊಂದ್ಸಲ ತಗೊಳ್ಳಿ. ಉಸಿರು ಪೂರ್ತಿ ಬಿಟ್ಟು, ಎದೆ ಕೆಳಗೆ ಟೇಪ್ ಬಿಗಿಯಾಗಿ ನೆಲಕ್ಕೆ ಸಮವಾಗಿ ಸುತ್ತಬೇಕು, ಹಿಂದೆ ಟೇಪ್ ಮೇಲಕ್ಕೆ ಹೋಗಬಾರದು. ಅಲ್ಲಿ 33 ಇಂಚು ಬಂತು ಅನ್ನಿ, ಬ್ಯಾಂಡ್ 34. ಆಮೇಲೆ ಎದೆ ತುಂಬಿರೋ ಕಡೆ ಟೇಪ್ ಒತ್ತದ ಹಾಗೆ ಸುತ್ತಿ, ಅಲ್ಲಿ 38 ಬಂದ್ರೆ 34ಕ್ಕೂ 38ಕ್ಕೂ ವ್ಯತ್ಯಾಸ 4. ಒಂದು ಇಂಚಿಗೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ. ಅಂದ್ರೆ ನೀವು 34 ಡಿ, 36 ಸಿ ಅಲ್ಲ. ಇವೆರಡರಲ್ಲೂ ಕಪ್ ಒಳಗೆ ಹಿಡಿಯೋದು ಒಂದೇ ಅಷ್ಟು, ಬ್ಯಾಂಡ್ ಮಾತ್ರ ಬೇರೆ. ಡಿ ಅಂದ ತಕ್ಷಣ ಗಾಬರಿ ಆಗೋರು ತುಂಬ ಜನ ಇದಾರೆ, ಬರೀ ಅಕ್ಷರಕ್ಕೆ ಅರ್ಥ ಇಲ್ಲ, ಅದು ಬ್ಯಾಂಡ್ ಜೊತೆ ಸೇರಿದಾಗ್ಲೇ ಅಳತೆ ಆಗೋದು. ಕೆಲವು ಕಂಪನಿಗಳು ಎದೆ ಕೆಳಗಿನ ಅಳತೆಗೆ ನಾಲ್ಕೈದು ಇಂಚು ಸೇರಿಸಿ ಬ್ಯಾಂಡ್ ನಂಬರ್ ಕೊಡ್ತಾರೆ, ಹಾಗಾಗಿ ಆ ಕಂಪನಿಯ ಚಾರ್ಟ್ ನೋಡದೆ ನಂಬರ್ ನಂಬ್ಕೊಂಡು ತಗೋಬೇಡಿ.

ಸ್ಟ್ರಾಪ್‌ಲೆಸ್ ಕೈಯಲ್ಲಿ ಹಿಡಿದಾಗ ಮೊದಲು ಒಳಭಾಗ ತಿರುಗಿಸಿ ನೋಡಿ. ಮೇಲಂಚಲ್ಲೂ ಕೆಳಗಂಚಲ್ಲೂ ಸಣ್ಣ ಸಿಲಿಕಾನ್ ಗೆರೆ ಇರಬೇಕು, ಬೆರಳಿಟ್ಟು ಎಳೆದ್ರೆ ಚರ್ಮಕ್ಕೆ ತಡೆದ ಹಾಗೆ ಆಗತ್ತೆ. ಕಂಕುಳ ಕೆಳಗೆ ಪಕ್ಕದ ಹೊಲಿಗೇಲಿ ಒಂದು ಗಟ್ಟಿ ಕಡ್ಡಿ, ಅಂದ್ರೆ ಬೋನಿಂಗ್ ಇರಬೇಕು, ಅದಿಲ್ಲಾಂದ್ರೆ ಬ್ಯಾಂಡ್ ಮಡಚ್ಕೊಂಡು ಹಗ್ಗದ ಥರ ಆಗತ್ತೆ. ಹಿಂದೆ ಒಂದೇ ಹುಕ್ ಇರೋದು ನಿಮಗಲ್ಲ, ಮೂರು ನಾಲ್ಕು ಸಾಲು ಹುಕ್ ಇರೋ ಅಗಲ ಬ್ಯಾಂಡ್ ತಗೊಳ್ಳಿ. ಹೊಸದರಲ್ಲಿ ಕೊನೇ ಹುಕ್‌ಗೆ, ಅಂದ್ರೆ ಅತಿ ಲೂಸ್ ಇರೋದಕ್ಕೆ ಹಾಕಿದಾಗ್ಲೇ ಬಿಗಿ ಅನ್ನಿಸಬೇಕು, ಯಾಕಂದ್ರೆ ಎಲಾಸ್ಟಿಕ್ ದಿನ ಹೋದ ಹಾಗೆ ಸಡಿಲ ಆಗತ್ತೆ, ಆಗ ಒಳಗಿನ ಹುಕ್ ಕೆಲ್ಸಕ್ಕೆ ಬರತ್ತೆ. ಬಿಗಿ ಅಂದ್ರೆ ಎರಡು ಬೆರಳು ಒಳಗೆ ಹೋಗೋ ಅಷ್ಟು, ಉಸಿರುಗಟ್ಟೋ ಅಷ್ಟಲ್ಲ. ಮುಂದೆ ಎರಡು ಕಪ್ ಮಧ್ಯದ ಭಾಗ ಎದೆಮೂಳೆಗೆ ಅಂಟಿ ಕೂರಬೇಕು, ಅಲ್ಲಿ ಗ್ಯಾಪ್ ಇದ್ರೆ ಹೆಚ್ಚಾಗಿ ಕಪ್ ಸಣ್ಣದು ಅಂತ.

ಅದೂ ಸಾಕಾಗ್ಲಿಲ್ಲ ಅನ್ನಿಸಿದ್ರೆ ಲಾಂಗ್‌ಲೈನ್ ಹುಡುಕಿ, ಸೊಂಟದವರೆಗೂ ಬರತ್ತೆ, ಭಾರ ಇಡೀ ಪಕ್ಕೆಗಳ ಮೇಲೆ ಹಂಚಿಹೋಗತ್ತೆ. ನನ್ನನ್ನ ಕೇಳಿದ್ರೆ ಎದೆ ತುಂಬಿರೋರಿಗೆ ಭುಜ ಇಲ್ಲದ ಗೌನ್ ಒಳಗೆ ಅದಕ್ಕಿಂತ ನಂಬಿಕೆಯ ವಸ್ತು ಇನ್ನೊಂದಿಲ್ಲ.

ಇನ್ನೊಂದು ಮಾತು, ಕೆಲವು ಸಲ ಬ್ರಾ ನಿಂತಿರತ್ತೆ, ಜಾರೋದು ಗೌನ್. ಮೊನ್ನೆ ಒಬ್ಬ ಹುಡುಗಿ ಬಂದಿದ್ದಳು, ಕನ್ನಡಿ ಮುಂದೆ ನಿಂತು ಮಾತಾಡ್ತಾ ಮಾತಾಡ್ತಾನೇ ಎರಡೂ ಹೆಬ್ಬೆರಳು ಕಂಕುಳ ಹತ್ರ ಸಿಕ್ಕಿಸಿ ಗೌನ್ ಮೇಲೆಳ್ಕೊಳ್ತಿದ್ದಳು, ಅವಳಿಗೆ ಗೊತ್ತೂ ಇರ್ಲಿಲ್ಲ ಹಾಗೆ ಮಾಡ್ತಿದೀನಿ ಅಂತ. ಗೌನ್ ತಿರುವಿ ನೋಡಿದ್ರೆ ಒಳಗೆ ಸೊಂಟದ ಪಟ್ಟಿ ಇಲ್ಲ, ಕೆಳಗಿನ ಅಷ್ಟೂ ಸ್ಕರ್ಟ್ ಭಾರ ಎದೆ ಮೇಲಿನ ಅಂಚಿಂದ ನೇತಾಡ್ತಿತ್ತು. ಹಿಗ್ಗದ ಗಟ್ಟಿ ರಿಬ್ಬನ್ ಒಂದನ್ನ ಸೊಂಟದ ಅಳತೆಗೆ ಸರಿಯಾಗಿ ಕತ್ತರಿಸಿ, ಒಳಗಡೆ ಹೊಲಿಗೆಗಳಿಗೆ ಅಲ್ಲಲ್ಲಿ ಹಿಡಿಸಿ, ಹಿಂದೆ ಅದಕ್ಕೇ ಬೇರೆ ಹುಕ್ ಇಟ್ಟೆ. ಜಿಪ್ ಹಾಕೋಕೆ ಮುಂಚೆ ಆ ಹುಕ್ ಹಾಕ್ಬೇಕು. ಆಮೇಲೆ ಸ್ಕರ್ಟ್ ಭಾರ ಸೊಂಟದ ಮೇಲೆ ನಿಂತ್ಕೊಳ್ತು, ಮೇಲಿನ ಭಾಗ ಹಗುರ ಆಯ್ತು. ಯಾವ ಟೈಲರ್ ಬೇಕಾದ್ರೂ ಮಾಡಿಕೊಡಬಹುದಾದ ಕೆಲ್ಸ, ಕೇಳಿ ಮಾಡಿಸ್ಕೊಳ್ಳಿ.

ಪ್ರಶ್ನೆ: ಮೇಡಂ, ನನ್ನ ಡ್ರೆಸ್ ಬೆನ್ನು ಪೂರ್ತಿ ಓಪನ್, ಸೊಂಟದವರೆಗೂ. ಯಾವ ಬ್ರಾ ಹಾಕಿದ್ರೂ ಹಿಂದೆ ಪಟ್ಟಿ ಕಾಣತ್ತೆ. ಅಂಟಿಸೋ ಸಿಲಿಕಾನ್ ಕಪ್ ಸಾಕಾಗತ್ತಾ?

ಬೆನ್ನಿಲ್ಲದ ಡ್ರೆಸ್ ಅಂದ್ರೆ ಬ್ಯಾಂಡೇ ಹೋಯ್ತು, ಇದು ಎಲ್ಲಕ್ಕಿಂತ ಕಷ್ಟದ್ದು, ಆದ್ರೆ ಹಳೇ ಕಷ್ಟ. ನಿಮಗೆ ಸಮಾಧಾನ ಆಗ್ಲಿ ಅಂತ ಹೇಳ್ತೀನಿ. ಮೊದಲನೇ ಮಹಾಯುದ್ಧಕ್ಕೂ ಮುಂಚೆ ಅಮೆರಿಕದಲ್ಲಿ ಮೇರಿ ಫೆಲ್ಪ್ಸ್ ಜೇಕಬ್ ಅಂತ ಒಬ್ಬ ಯುವತಿ ಪಾರ್ಟಿಗೆ ರೆಡಿ ಆಗ್ತಿದ್ದಳು, ತೆಳು ಗೌನ್ ಒಳಗಿಂದ ಅವಳ ಕಾರ್ಸೆಟ್‌ನ, ಅಂದ್ರೆ ಆಗ ಹಾಕ್ತಿದ್ದ ಮೈ ಬಿಗಿಯೋ ಒಳಉಡುಪಿನ ಗಟ್ಟಿ ಕಡ್ಡಿಗಳು ಎದ್ದು ಕಾಣ್ತಿದ್ವು. ಕೆಲಸದವಳನ್ನ ಕರೆದು ಎರಡು ಕರವಸ್ತ್ರ, ಒಂದಿಷ್ಟು ರಿಬ್ಬನ್ ತರಿಸಿ ಅಲ್ಲೇ ಒಂದು ಹಗುರ ಒಳಉಡುಪು ಹೊಲ್ಕೊಂಡು ಹೋದಳು. 1914ರ ನವೆಂಬರ್ 3ಕ್ಕೆ ಅದಕ್ಕೆ ಪೇಟೆಂಟೂ ಸಿಕ್ತು, ಅದು ಹೆಸರಾಗಿದ್ದೇ ಬ್ಯಾಕ್‌ಲೆಸ್ ಬ್ರಾಸಿಯರ್, ಅಂದ್ರೆ ಬೆನ್ನಿಲ್ಲದ ಬ್ರಾ ಅಂತ. ಅಂದ್ರೆ ನಿಮ್ಮ ಪ್ರಶ್ನೆಗೆ ನೂರು ವರ್ಷದ ಮೇಲಾಯ್ತು.

ಸಿಲಿಕಾನ್ ಕಪ್ ವಿಷಯಕ್ಕೆ ಬರೋಣ. ಅದು ಮುಚ್ಚತ್ತೆ, ತೊಟ್ಟು ಕಾಣದ ಹಾಗೆ ಮಾಡತ್ತೆ, ಮಧ್ಯದ ಕ್ಲಿಪ್ ಹಾಕಿದ್ರೆ ಎರಡನ್ನೂ ಹತ್ರ ತರತ್ತೆ, ಎತ್ತಿ ಹಿಡಿಯೋ ಶಕ್ತಿ ಮಾತ್ರ ಕಮ್ಮಿ. ಎದೆ ಸಣ್ಣದಿದ್ದೋರಿಗೆ ಸಾಕು, ತುಂಬಿದ ಎದೆಗೆ ಆ ಕಪ್‌ನ ಭಾರಾನೇ ಸೇರಿ ಕೆಳಗೆಳೆಯತ್ತೆ. ಹಾಕೋ ದಿನ ಎದೆ ಭಾಗಕ್ಕೆ ಎಣ್ಣೆ, ಲೋಷನ್, ಪೌಡರ್, ಸೆಂಟ್ ಏನೂ ಬೇಡ, ಸೋಪ್ ಹಾಕಿ ತೊಳೆದು ಪೂರ್ತಿ ಒಣಗಿದ ಮೇಲೇ ಅಂಟಿಸಿ. ಕಪ್ ಒಳಗಿನಿಂದ ಹೊರಕ್ಕೆ ತಿರುಗಿಸಿ ಹಿಡ್ಕೊಂಡು, ಕೆಳಗಂಚು ಮೊದಲು ಇಟ್ಟು, ಮೇಲಕ್ಕೆ ನಯವಾಗಿ ಸವರ್ತಾ ಬನ್ನಿ. ಬೆವರು ಹೆಚ್ಚು ಬರೋರು ಇದನ್ನ ನಂಬ್ಕೊಂಡು ಕುಣಿಯೋಕೆ ಹೋಗಬೇಡಿ.

ಬೆನ್ನು ಸೊಂಟದವರೆಗೆ ಓಪನ್ ಇಲ್ಲದೆ ಅದಕ್ಕಿಂತ ಸ್ವಲ್ಪ ಮೇಲೇ ನಿಂತಿದ್ರೆ, ಬ್ರಾ ಹುಕ್‌ಗೆ ಸಿಕ್ಕಿಸೋ ಒಂದು ಎಲಾಸ್ಟಿಕ್ ಪಟ್ಟಿ ಸಿಗತ್ತೆ, ಅದು ಹಿಂದಿನ ಬ್ಯಾಂಡನ್ನ ಕೆಳಕ್ಕೆಳೆದು ಹೊಟ್ಟೆ ಸುತ್ತ ಬಂದು ಮುಂದೆ ಹುಕ್ ಆಗತ್ತೆ. ಹಾಕ್ಕೊಂಡು ಪಕ್ಕದಿಂದ ನೋಡಿ, ಡ್ರೆಸ್ ಪಕ್ಕದಲ್ಲಿ ಪಟ್ಟಿ ಇಣುಕಬಾರದು. ನಿಮ್ಮದು ಪೂರ್ತಿ ಓಪನ್ ಅಂದ್ರಿ, ಹಾಗಾಗಿ ನಾನು ಹೇಳೋದು ಕಪ್ಪನ್ನ ಡ್ರೆಸ್‌ಗೇ ಹೊಲಿಸಿಬಿಡಿ ಅಂತ. ಹಳೇ ಬ್ರಾ ಒಂದರ ಕಪ್ ವೈರ್ ಸಮೇತ ಬಿಡಿಸಿ ಲೈನಿಂಗ್‌ಗೆ ಹಿಡಿಸೋದು, ಕಪ್‌ನ ಹೊರ ಅಂಚಿಂದ ಒಂದು ಎಲಾಸ್ಟಿಕ್ ತಗೊಂಡು ಡ್ರೆಸ್ ಒಳಗೇ ಪಕ್ಕದಲ್ಲಿ ಸೊಂಟದ ಹೊಲಿಗೆಗೆ ಸೇರಿಸೋದು. ಕುತ್ತಿಗೆಗೆ ಕಟ್ಟೋ ಥರದ ಡ್ರೆಸ್ ಆದ್ರೆ ಇನ್ನೂ ಸುಲಭ, ಭಾರ ಕುತ್ತಿಗೆ ಪಟ್ಟಿ ಮೇಲೆ ಹೋಗತ್ತೆ, ಅದನ್ನ ಮಾತ್ರ ಅಗಲ ಮಾಡಿಸಿ, ದಾರದಂಥ ಪಟ್ಟಿ ರಾತ್ರಿ ಹೊತ್ತಿಗೆ ಕುತ್ತಿಗೆ ನೋವು ತರತ್ತೆ.

ಪ್ರಶ್ನೆ: ಡೀಪ್ ವಿ ನೆಕ್ ಗೌನ್‌ಗೆ ಟೇಪ್ ಹಾಕೋದನ್ನ ವಿಡಿಯೋದಲ್ಲಿ ನೋಡಿದೆ. ಮನೇಲಿ ಟ್ರೈ ಮಾಡಿ ಕೀಳುವಾಗ ಚರ್ಮ ಕೆಂಪಾಗಿ ಉರಿ ಬಂತು. ಏನು ತಪ್ಪು ಮಾಡಿದೆ?

ಯಾವ ಟೇಪ್ ಅಂತ ಬರೆದಿಲ್ಲ ನೀವು. ಪಾರ್ಸೆಲ್‌ಗೆ ಸುತ್ತೋ ಟೇಪ್, ಡಕ್ಟ್ ಟೇಪ್ ಹಾಕಿದ್ರೆ ದಯವಿಟ್ಟು ಇನ್ಮೇಲೆ ಬೇಡ, ಅದು ಚರ್ಮಕ್ಕೆ ಅಂತ ಮಾಡಿದ್ದಲ್ಲ, ಮೇಲಿನ ಪದರ ಕಿತ್ಕೊಂಡು ಬರತ್ತೆ. ಎದೆಗೇ ಅಂತ ಮಾಡಿರೋ ಟೇಪ್ ಬಟ್ಟೆ ಥರ ಇರತ್ತೆ, ಸ್ವಲ್ಪ ಹಿಗ್ಗತ್ತೆ. ಅದನ್ನೂ ಫಂಕ್ಷನ್ ದಿನಾನೇ ಮೊದಲ ಸಲ ಹಾಕಬಾರದು. ಎರಡು ಮೂರು ದಿನ ಮುಂಚೆ ಒಂದು ಸಣ್ಣ ತುಂಡು ಪಕ್ಕೆ ಮೇಲೆ ಅಂಟಿಸಿ ಕೆಲವು ಗಂಟೆ ಬಿಟ್ಟು ನೋಡಿ, ಕೆರೆತ ಬಂದ್ರೆ ಆ ಅಂಟು ನಿಮಗೆ ಆಗಲ್ಲ ಅಂತ, ಅಲ್ಲಿಗೆ ಬಿಟ್ಬಿಡಿ.

ತೊಟ್ಟಿನ ಮೇಲೆ ನೇರ ಟೇಪ್ ಬರಬಾರದು, ಮೊದಲು ಮುಚ್ಚೋ ಪ್ಯಾಡ್ ಇಡಿ, ಅದಿಲ್ಲಾಂದ್ರೆ ಹತ್ತಿ ಬಟ್ಟೆಯ ದುಂಡು ತುಂಡು. ಒಂದು ಕೈಯಲ್ಲಿ ಎದೆ ಎತ್ತಿ ಹಿಡ್ಕೊಂಡು ಟೇಪ್ ಕೆಳಗಿನಿಂದ ಭುಜದ ಕಡೆಗೆ ತಗೊಂಡ್ಹೋಗಿ. ಎತ್ತೋದು ಕೈ, ಟೇಪ್ ಬರೀ ಅಲ್ಲೇ ನಿಲ್ಲಿಸೋದು, ಇದನ್ನ ನೆನಪಿಟ್ಕೊಳ್ಳಿ. ಟೇಪನ್ನೇ ಜಗ್ಗಿ ಎಳೆದು ಅಂಟಿಸಿದ್ರೆ ಅದರ ಎರಡೂ ತುದೀಲಿ ಚರ್ಮ ಇಡೀ ಸಂಜೆ ಎಳೀತಾ ಇರತ್ತೆ, ಗುಳ್ಳೆ ಏಳೋದು ಅಲ್ಲೇ. ತುದಿಗಳನ್ನ ಎಳೀದೆ ಹಾಗೇ ಮಲಗಿಸಿ, ಮೂಲೆಗಳನ್ನ ಕತ್ತರೀಲಿ ದುಂಡಗೆ ಮಾಡಿ.

ಕೀಳೋ ವಿಷಯದಲ್ಲೇ ನೀವು ಎಡವಿರೋದು ಅನ್ಸತ್ತೆ. ಬಂದ ತಕ್ಷಣ ಸುಸ್ತಾಗಿರತ್ತೆ, ಸರ್ ಅಂತ ಎಳೆದ್ಬಿಡ್ತೀವಿ. ಹಾಗಲ್ಲ. ಬೇಬಿ ಆಯಿಲೋ ಕೊಬ್ಬರಿ ಎಣ್ಣೆಯೋ ಟೇಪ್ ಮೇಲೆ, ಅಂಚಲ್ಲಿ ಚೆನ್ನಾಗಿ ಹಚ್ಚಿ ಹತ್ತು ಹದಿನೈದು ನಿಮಿಷ ಬಿಡಿ, ಬಟ್ಟೆ ಪೂರ್ತಿ ನೆನೀಲಿ. ಆಮೇಲೆ ಒಂದು ಬೆರಳಲ್ಲಿ ಚರ್ಮ ಒತ್ತಿ ಹಿಡ್ಕೊಂಡು ಟೇಪನ್ನ ತನ್ನ ಮೇಲೇ ಮಡಚಿದ ಹಾಗೆ ನಿಧಾನಕ್ಕೆ ಸುರುಳಿ ಸುತ್ತಿ, ಮೇಲಕ್ಕೆ ಎಳೀಬೇಡಿ. ಈಗ ಉರಿ ಇರೋ ಜಾಗ ಪೂರ್ತಿ ಮಾಯೋವರೆಗೂ ಯಾವ ಅಂಟೂ ಬೇಡ, ಗುಳ್ಳೆ ಒಡೆದು ನೀರು ಬರ್ತಿದ್ರೆ ಚರ್ಮದ ಡಾಕ್ಟರಿಗೆ ತೋರಿಸಿ. ಹಾಲುಣಿಸ್ತಿರೋ ತಾಯಂದಿರೂ ಟೇಪ್ ತಂಟೆಗೆ ಹೋಗದಿರೋದೇ ಒಳ್ಳೇದು.

ನಿಮ್ಮ ಈ ಫಂಕ್ಷನ್‌ಗೆ ಬೇರೆ ದಾರಿ ಇದೆ. ಡೀಪ್ ಪ್ಲಂಜ್ ಬ್ರಾ ಅಂತ ಬರತ್ತೆ, ಮಧ್ಯದ ಭಾಗ ತುಂಬ ಕೆಳಗಿರತ್ತೆ, ಕೆಲವದ್ರಲ್ಲಿ ಯು ಆಕಾರದಲ್ಲಿ ಹೊಟ್ಟೆ ಹತ್ರದವರೆಗೂ ಇಳಿದಿರತ್ತೆ. ನಿಮ್ಮ ಡ್ರೆಸ್‌ಗೆ ಭುಜ, ಬೆನ್ನು ಎರಡೂ ಇದೆಯಲ್ಲ, ಹೋಗಿರೋದು ಮುಂದಿನ ಮಧ್ಯ ಮಾತ್ರ, ಅದಕ್ಕೆ ಇಡೀ ಬ್ರಾನೇ ಬಿಡೋ ಅವಶ್ಯಕತೆ ಇಲ್ಲ. ಎರಡು ಕಡೆ ಅಂಟಿರೋ ತೆಳು ಟೇಪ್ ಇದೆಯಲ್ಲ, ಅದು ನೆಕ್ ಅಂಚು ಬಾಗಿದಾಗ ಬಿಟ್ಕೊಳ್ಳದ ಹಾಗೆ ಚರ್ಮಕ್ಕೆ ಹಿಡಿಸೋಕೆ ಮಾತ್ರ, ಭಾರ ಹೊರೋಕಲ್ಲ.

ಪ್ರಶ್ನೆ: ಮೈಗಂಟೋ ಸ್ಯಾಟಿನ್ ಡ್ರೆಸ್, ತೊಡೆವರೆಗೆ ಸ್ಲಿಟ್ ಬೇರೆ. ಪ್ಯಾಂಟಿ ಗೆರೆ ಕಾಣತ್ತೆ. ಹೊಟ್ಟೆ ಒತ್ತೋ ಶೇಪ್‌ವೇರ್ ಒಂದು ಸೈಜ್ ಚಿಕ್ಕದು ತಗೊಂಡ್ರೆ ಇನ್ನೂ ತೆಳ್ಳಗೆ ಕಾಣ್ತೀನಾ?

ಇಲ್ಲ. ಚಿಕ್ಕದು ತಗೊಂಡ್ರೆ ಒತ್ತಿದ ಮಾಂಸ ಎಲ್ಲಿಗೂ ಹೋಗಲ್ಲ, ಮೇಲಂಚಲ್ಲಿ ಬೆನ್ನ ಮೇಲೆ ಒಂದು ಉಬ್ಬು, ಕೆಳಗೆ ತೊಡೇಲಿ ಒಂದು ಉಬ್ಬು, ಸ್ಯಾಟಿನ್‌ನಲ್ಲಿ ಅದು ಪ್ಯಾಂಟಿ ಗೆರೆಗಿಂತ ಕೆಟ್ಟದಾಗಿ ಕಾಣತ್ತೆ. ಕೂತ ತಕ್ಷಣ ಸುರುಳಿ ಸುತ್ಕೊಂಡು ಕೆಳಗೆ ಬರತ್ತೆ. ಅದಕ್ಕಿಂತ ಮುಖ್ಯ, ಹೊಟ್ಟೆ ಜಾಸ್ತಿ ಒತ್ತಿದ್ರೆ ಊಟ ಆದ್ಮೇಲೆ ಹುಳಿ ತೇಗು ಎದೆಗೆ ಬರತ್ತೆ, ಉಸಿರು ಮೇಲ್ಮೇಲೇ ಆಡತ್ತೆ, ತೊಡೆ ಸಂದೀಲಿ ಒತ್ತಿ ಒತ್ತಿ ಹೊರತೊಡೆ ಜೋಮು ಹಿಡಿದು ಚುರುಚುರು ಅನ್ನತ್ತೆ, ಅಲ್ಲಿ ಹಾದುಹೋಗೋ ನರ ಅದುಮಿದ್ರೆ ಹಾಗಾಗತ್ತೆ. ನಿಮ್ಮ ಸೈಜಿಂದೇ ತಗೊಳ್ಳಿ, ಬ್ರಾ ಕೆಳಗಿನವರೆಗೂ ಬರೋದು, ಬಾತ್‌ರೂಮಿಗೆ ಹೋಗೋಕೆ ಕೆಳಗೆ ಓಪನಿಂಗ್ ಇರೋದು. ಆದ್ರೆ ತೊಡೆ ಸ್ಲಿಟ್ ಇದೆ ಅಂದ್ರಿ, ಚಡ್ಡಿ ಥರ ಕಾಲಿರೋದು ನಡೆಯುವಾಗ ಇಣುಕತ್ತೆ, ಕಾಲಿಲ್ಲದ್ದೇ ಆಗ್ಬೇಕು.

ಗೆರೆಗೆ ಕಾರಣ ಅಂಚಿನ ಎಲಾಸ್ಟಿಕ್. ಅಂಚಲ್ಲಿ ಹೊಲಿಗೇನೇ ಇಲ್ಲದ ಸೀಮ್‌ಲೆಸ್ ಪ್ಯಾಂಟಿ ಸಾಮಾನ್ಯವಾಗಿ ಸಾಕು, ಅದೂ ಕಂಡ್ರೆ ಹಿಂದೆ ಸಣ್ಣ ಪಟ್ಟಿ ಮಾತ್ರ ಇರೋ ಥಾಂಗ್. ಸ್ಯಾಟಿನ್ ಬೆಳಕು ಹೊಡೆಯೋ ಬಟ್ಟೆ, ಒಳಗಿನ ಸಣ್ಣ ಏರುಪೇರೂ ತೋರಿಸತ್ತೆ, ಹಾಗಾಗಿ ಲೇಸ್, ಬೋ ಇರೋದು ಇಂಥ ಡ್ರೆಸ್‌ಗೆ ಬೇಡ.

ಪ್ರಶ್ನೆ: ಬಿಳಿ ಡ್ರೆಸ್ ಒಳಗೆ ಬಿಳಿ ಒಳಉಡುಪು ಹಾಕಿದ್ರೂ ಫೋಟೋದಲ್ಲಿ ಕಾಣ್ತಿದೆ, ಯಾಕೆ?

ಬಿಳಿ ಬಟ್ಟೆ ಒಳಗೆ ಬಿಳಿ ಎದ್ದು ಕಾಣತ್ತೆ, ನಿಮ್ಮ ಮೈಬಣ್ಣಕ್ಕೂ ಅದಕ್ಕೂ ವ್ಯತ್ಯಾಸ ಜಾಸ್ತಿ ಇರೋದ್ರಿಂದ. ನಿಮ್ಮ ಮೈಬಣ್ಣಕ್ಕೆ ಹತ್ತಿರ ಇರೋದು ಹಾಕಿ, ಅಂಗಡೀಲಿ ಸ್ಕಿನ್ ಕಲರ್ ಅಂತ ಕೊಡೋದಲ್ಲ, ನಿಮ್ಮದೇ ಹೊಟ್ಟೆ ಚರ್ಮದ ಪಕ್ಕ ಇಟ್ಟು ನೋಡಿ ತಗೊಳ್ಳಿ. ಹೋಗೋ ಮುಂಚೆ ಫೋನಲ್ಲಿ ಫ್ಲ್ಯಾಶ್ ಹಾಕಿ ಮುಂದೆ, ಹಿಂದೆ, ಪಕ್ಕ ಒಂದೊಂದು ಫೋಟೋ ತೆಗೆಸ್ಕೊಳ್ಳಿ, ಮನೆ ಕನ್ನಡೀಲಿ ಕಾಣದ್ದು ಅದರಲ್ಲಿ ಕಾಣತ್ತೆ.

ಪ್ರಶ್ನೆ: ಹೆಸರು ಹಾಕಬೇಡಿ. ಕ್ಯಾನ್ಸರ್ ಆಗಿ ಎಡಗಡೆ ಎದೆ ತೆಗೆದಿದಾರೆ, ಒಂದೂವರೆ ವರ್ಷ ಆಯ್ತು. ಮಗಳ ಮದುವೆ ರಿಸೆಪ್ಷನ್‌ಗೆ ಅವಳೇ ಆಸೆಪಟ್ಟು ಭುಜ ಕಾಣೋ ಗೌನ್ ತಂದಿದಾಳೆ. ನಾನು ಬೇಡ ಅಂದೆ, ಅವಳು ಅತ್ತುಬಿಟ್ಲು. ನನ್ನಂಥೋಳಿಗೆ ಇದು ಸಾಧ್ಯನಾ?

ಸಾಧ್ಯ ಅಮ್ಮಾ. ನಿಮ್ಮ ಪತ್ರ ಓದಿ ನಾನು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಗೌನ್ ವಾಪಸ್ ಕೊಡಬೇಡಿ, ಎತ್ತಿಡಿ.

ಎದೆ ತೆಗೆದವರಿಗೆ ಅಂತ ಒಳಗೆ ಜೇಬಿರೋ ಬ್ರಾ ಬರತ್ತೆ, ಆ ಜೇಬಲ್ಲಿ ಕೃತಕ ಎದೆ, ಅಂದ್ರೆ ಬ್ರೆಸ್ಟ್ ಫಾರ್ಮ್ ಕೂರತ್ತೆ. ಸ್ಟ್ರಾಪ್‌ಲೆಸ್‌ನಲ್ಲೂ ಜೇಬಿರೋದು ಇದೆ, ಸಿಗದಿದ್ರೆ ಮಾಮೂಲಿ ಲಾಂಗ್‌ಲೈನ್ ತಗೊಂಡು ಎಡಗಡೆ ಕಪ್‌ಗೆ ಮೆತ್ತನೆ ಹತ್ತಿ ಬಟ್ಟೇಲಿ ಜೇಬು ಹೊಲಿಸ್ಬಹುದು, ಹೊಲಿಗೆ ಮಾತ್ರ ಚರ್ಮದ ಕಡೆ ಬರಬಾರದು. ಸಿಲಿಕಾನ್ ಫಾರ್ಮ್ ನಿಜವಾದ ಎದೆ ಹಾಗೇ ತೂಕ ಇರತ್ತೆ, ಭುಜದ ಪಟ್ಟಿ ಇಲ್ಲದಾಗ ಆ ತೂಕ ಒಂದು ಕಡೆಗೆ ಎಳೆಯತ್ತೆ, ಹಾಗಾಗಿ ಆ ಒಂದು ಸಂಜೆಗೆ ಹಗುರ ಫೋಮ್ ಫಾರ್ಮ್ ಒಳ್ಳೇದು. ಫೋಮ್ ಹಗುರ ಅಂತ ಮೇಲಕ್ಕೆ ಸರಿಯತ್ತೆ, ಅದನ್ನ ಜೇಬಿಗೆ ಎರಡು ಕಡೆ ಟಾಕ ಹಾಕಿಸಿ. ಚರ್ಮಕ್ಕೆ ನೇರ ಅಂಟೋ ಫಾರ್ಮ್ ಸಹ ಇದೆ, ಆದ್ರೆ ಗಾಯದ ಗೆರೆ ಇರೋ ಕಡೆ, ರೇಡಿಯೇಷನ್ ಆಗಿದ್ರೆ ಆ ಚರ್ಮದ ಮೇಲೆ, ನಿಮ್ಮ ಡಾಕ್ಟರನ್ನ ಕೇಳದೆ ಯಾವ ಅಂಟನ್ನೂ ಹಾಕಬೇಡಿ. ಕಂಕುಳಿನ ಗಂಟುಗಳನ್ನೂ, ಅಂದ್ರೆ ಲಿಂಫ್ ನೋಡ್‌ಗಳನ್ನೂ ತೆಗೆದಿದ್ರೆ, ಕೈ ಊದೋ ತೊಂದರೆ ಇದ್ರೆ, ಆ ಕಡೆ ಬಿಗಿಯಾದ ಅಂಚು ಕಂಕುಳಿಗೆ ಕೊರೀದ ಹಾಗೆ ನೋಡ್ಕೋಬೇಕು. ಅದನ್ನ ಟೈಲರಿಗೆ ಬಾಯಿಬಿಟ್ಟು ಹೇಳಿ, ಅಂಚು ಅರ್ಧ ಇಂಚು ಕೆಳಗಿಳಿಸಿ ಒಳಗೆ ಮೆತ್ತನೆ ಪಟ್ಟಿ ಕೊಡ್ತಾರೆ.

ಎಡಗಡೆ ಮೇಲ್ಭಾಗ, ಕಾಲರ್ ಮೂಳೆ ಕೆಳಗೆ ಸ್ವಲ್ಪ ಕುಳಿ ಕಾಣತ್ತೆ ಅಂತ ಅಳುಕಿದ್ರೆ ಗೌನ್‌ನದೇ ಬಣ್ಣದ ತೆಳು ನೆಟ್ ಬಟ್ಟೆಯನ್ನ ಎಡ ಭುಜದಿಂದ ಬಲ ಸೊಂಟಕ್ಕೆ ನೆರಿಗೆ ಹಿಡಿದು ಇಳಿಸಬಹುದು. ಒಂದೇ ಭುಜದ ಡ್ರೆಸ್ ಹಾಗೆ ಕಾಣತ್ತೆ, ಚೆಂದಾನೂ ಇರತ್ತೆ, ಆ ಭುಜದ ಒಳಗೆ ಒಂದು ಪಟ್ಟಿ ಬಚ್ಚಿಟ್ರೆ ಫಾರ್ಮ್‌ಗೂ ಆಧಾರ ಸಿಕ್ತು. ಕಮ್ಮಿ ಅಂದ್ರೂ ಮೂರು ವಾರ ಮುಂಚೆ ಫಿಟ್ಟಿಂಗ್‌ಗೆ ಹೋಗಿ, ಆವತ್ತು ಹಾಕೋ ಬ್ರಾ, ಫಾರ್ಮ್, ಚಪ್ಪಲಿ ಮೂರೂ ಬ್ಯಾಗಲ್ಲಿರಲಿ. ಹಾಕ್ಕೊಂಡು ನಿಂತರೆ ಸಾಲದು, ಕೂತು ನೋಡಿ, ಬಗ್ಗಿ ನೋಡಿ, ಯಾರನ್ನಾದ್ರೂ ತಬ್ಬಿಕೊಂಡಾಗ ಎರಡೂ ಕೈ ಮೇಲೆ ಹೋಗತ್ತಲ್ಲ ಹಾಗೆ ಎತ್ತಿ ನೋಡಿ. ಮಗಳನ್ನ ಕರ್ಕೊಂಡು ಹೋಗಿ, ಅಲ್ಲೇ ಅವಳನ್ನ ಒಂದ್ಸಲ ತಬ್ಬಿ ನೋಡಿದ್ರೆ ಫಾರ್ಮ್ ಸರಿಯತ್ತಾ ಇಲ್ವಾ ಗೊತ್ತಾಗತ್ತೆ, ಸರಿದ್ರೆ ಇನ್ನೊಂದು ಟಾಕ ಹಾಕೋಕೆ ಮೂರು ವಾರ ಇದೆಯಲ್ಲ.